ಕೊಡಗಿನ ಥಂಡಿ ಮತ್ತು ಕರೆಂಟ್ ಬಿಲ್ಲು: ಸರ್ಕಾರಕ್ಕೊಂದು ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಇಂಧನ ಸಚಿವರು ಮತ್ತು ವಸತಿ ಸಚಿವರಿಗೆ,
ಕೊಡಗು ಜಿಲ್ಲಾ ಉಸ್ತುವಾರಿ ಸಚಿವರು ಹಾಗೂ ಜಿಲ್ಲಾಧಿಕಾರಿಗಳಿಗೆ,

ಮಾನ್ಯರೇ,

ಕೊಡಗಿನಲ್ಲಿ ಮನೆಯನ್ನು ಬೆಚ್ಚಗಿಡುವುದೂ ಒಂದು ಖರ್ಚಿನ ಬಾಬತ್ತು ಎಂಬುದನ್ನು ಸರ್ಕಾರದ ಯೋಜನೆಗಳು ಇದುವರೆಗೆ ಗಣನೆಗೆ ತೆಗೆದುಕೊಂಡಂತೆ ಕಾಣುವುದಿಲ್ಲ. ಮಳೆಗೆ ಮನೆ ಬಿದ್ದರೆ ಪರಿಹಾರವಿದೆ, ಬೆಳೆ ಕೊಳೆತರೆ ಸಮೀಕ್ಷೆಯಿದೆ, ರಸ್ತೆ ಕುಸಿದರೆ ತುರ್ತು ಕಾಮಗಾರಿಯಿದೆ. ಆದರೆ ಜೂನ್ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಬೀಳದೆ ನಿಂತಿರುವ ಮನೆಗಳೊಳಗೆ ಜನ ಥಂಡಿಯಿಂದ ಪಡುವ ಪಾಡಿಗೂ, ಆ ಥಂಡಿಯನ್ನು ಓಡಿಸಲು ಅವರು ಸೌದೆಗೆ, ಗ್ಯಾಸಿಗೆ, ವಿದ್ಯುತ್ತಿಗೆ ಸುರಿಯುವ ಹಣಕ್ಕೂ ಯಾವ ಕಡತದಲ್ಲಿಯೂ ಒಂದು ತಲೆಬರಹವಿಲ್ಲ. ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತಳಾಗಿ ಮಡಿಕೇರಿ ತಾಲ್ಲೂಕಿನಲ್ಲಿ ನೆಲೆಸಿರುವ ನಾನು, ಈ ಖರ್ಚನ್ನು ಕಡಿಮೆ ಮಾಡಲು ಸರ್ಕಾರದ ಕೈಯಲ್ಲಿ ಏನೇನಿದೆ ಎಂಬುದನ್ನು ಲೆಕ್ಕಸಹಿತ ತಮ್ಮ ಮುಂದಿಡಲು ಈ ಪತ್ರ ಬರೆಯುತ್ತಿದ್ದೇನೆ.

ಹೊರಗಿನವರಿಗೆ ಕೊಡಗಿನ ಚಳಿ ಎಂದರೆ ಡಿಸೆಂಬರ್, ಜನವರಿಯ ಮಂಜು. ಪ್ರವಾಸಿಗರು ಹಂಬಲಿಸಿ ಬರುವ ಆ ಚಳಿ ನಮಗೆ ದೊಡ್ಡ ತೊಂದರೆಯಲ್ಲ. ರಾತ್ರಿಯ ಉಷ್ಣಾಂಶ 10–12 ಡಿಗ್ರಿಗೆ ಇಳಿದರೂ ಬೆಳಿಗ್ಗೆ ಬಿಸಿಲೇರುತ್ತದೆ; ಹಾಸಿಗೆ, ಕಂಬಳಿ ಅಂಗಳದಲ್ಲಿ ಕಾಯುತ್ತವೆ; ಗೋಡೆ ಒಣಗಿರುತ್ತದೆ. ನಿಜವಾದ ಕಷ್ಟ ಮಳೆಗಾಲದ್ದು. ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಎತ್ತರದ ಮಡಿಕೇರಿಯಲ್ಲಿ ಜುಲೈ ತಿಂಗಳ ಹಗಲಿನಲ್ಲಿಯೂ ಉಷ್ಣಾಂಶ 20 ಡಿಗ್ರಿಯ ಆಚೀಚೆಯೇ ಇರುತ್ತದೆ. ಅಂಕಿಯಾಗಿ ನೋಡಿದರೆ ಇದು ಚಳಿಯೇ ಅಲ್ಲವೆಂದು ಬೆಂಗಳೂರಿನಲ್ಲಿ ಕುಳಿತವರಿಗೆ ಅನಿಸಬಹುದು. ಆದರೆ ವಾರಗಟ್ಟಲೆ ಸೂರ್ಯನ ಮುಖ ಕಾಣದೆ, ಗಾಳಿ ತೇವದಿಂದ ತುಂಬಿ, ಪಶ್ಚಿಮದ ಗೋಡೆ ನೆನೆದು, ಹೊದಿಕೆಯೂ ಉಡುಪೂ ಸದಾ ಅರೆ ಹಸಿಯಾಗಿರುವಾಗ ಆ ಉಷ್ಣಾಂಶವೇ ಮೂಳೆಗೆ ಇಳಿಯುತ್ತದೆ. ಹಸಿ ಬಟ್ಟೆ ಮೈಯ ಶಾಖವನ್ನು ಎಳೆದುಕೊಳ್ಳುತ್ತದೆ, ನೆನೆದ ಗೋಡೆ ಒಣಗಿದ ಗೋಡೆಗಿಂತ ಬೇಗ ಮನೆಯ ಶಾಖವನ್ನು ಹೊರಗೆ ದಾಟಿಸುತ್ತದೆ. ಜುಲೈ–ಆಗಸ್ಟ್‌ನಲ್ಲಿ ಬರುವ ಕೊಡವರ ಕಕ್ಕಡ ತಿಂಗಳಲ್ಲಿ ಮದ್ದುಸೊಪ್ಪಿನ ಪಾಯಸ ಮಾಡಿ ಮೈಗೆ ಕಾವು ತುಂಬಿಸಿಕೊಳ್ಳುವ ಪದ್ಧತಿ ಈ ನೆಲದಲ್ಲಿ ಸುಮ್ಮನೆ ಹುಟ್ಟಲಿಲ್ಲ.

ಇನ್ನೊಂದು ವಿಷಯವನ್ನು ಇಲ್ಲಿಯೇ ಹೇಳಬೇಕು, ಏಕೆಂದರೆ ಖರ್ಚಿನ ದೊಡ್ಡ ಪಾಲು ಇದರಲ್ಲಿ ಅಡಗಿದೆ. ಒಂದು ಲೀಟರ್ ನೀರು ಆವಿಯಾಗಲು, ಕರೆಂಟ್ ಬಿಲ್ಲಿನ ಲೆಕ್ಕದಲ್ಲಿ ಹೇಳುವುದಾದರೆ, ಸುಮಾರು 0.68 ಯೂನಿಟ್‌ನಷ್ಟು ಶಾಖ ಬೇಕು. ಹೊರಗೆ ಒಣಗಿಸಲು ದಾರಿಯಿಲ್ಲದೆ ಕೋಣೆಯೊಳಗೆ ಹಗ್ಗ ಕಟ್ಟಿ ಹರವಿದ ಒಂದು ಬಕೆಟ್ ಬಟ್ಟೆಯಲ್ಲಿ ಮೂರು ಲೀಟರ್ ನೀರಿದ್ದರೆ, ಆ ಬಟ್ಟೆ ಒಣಗುವಷ್ಟರಲ್ಲಿ ಕೋಣೆಯಿಂದ ಎರಡು ಯೂನಿಟ್ ಶಾಖವನ್ನು ಹೀರಿರುತ್ತದೆ. ಆ ನೀರೆಲ್ಲ ಮತ್ತೆ ಗೋಡೆಯ ಮೇಲೆ, ಬೀರುವಿನ ಹಿಂದೆ ಬೂಷ್ಟಾಗಿ ಕಾಣಿಸಿಕೊಳ್ಳುತ್ತದೆ. ಆದ್ದರಿಂದ ಕೊಡಗಿನಲ್ಲಿ ಮನೆಯನ್ನು ಬೆಚ್ಚಗಿಡುವುದೆಂದರೆ ಮೊದಲು ಅದನ್ನು ಒಣಗಿಸಿಡುವುದು. ಒಣಗಿಸದೆ ಬಿಸಿ ಮಾಡಹೊರಟವರ ಹಣವೆಲ್ಲ ನೀರನ್ನು ಆವಿ ಮಾಡುವುದರಲ್ಲಿಯೇ ಮುಗಿಯುತ್ತದೆ.

ಈಗ ವಿದ್ಯುತ್ತಿನ ಲೆಕ್ಕಕ್ಕೆ ಬರುತ್ತೇನೆ. ಒಬ್ಬರ ಸ್ನಾನಕ್ಕೆ ಒಂದು ಬಕೆಟ್, ಅಂದರೆ ಸುಮಾರು 20 ಲೀಟರ್ ನೀರನ್ನು 18 ಡಿಗ್ರಿಯಿಂದ 42 ಡಿಗ್ರಿಗೆ ಏರಿಸಲು ಅರ್ಧ ಯೂನಿಟ್‌ಗಿಂತ ತುಸು ಹೆಚ್ಚು ವಿದ್ಯುತ್ ಬೇಕು. ನಾಲ್ಕು ಜನರ ಮನೆಗೆ ತಿಂಗಳಿಗೆ 65–70 ಯೂನಿಟ್ ಸ್ನಾನದ ನೀರಿಗೇ ಹೋಗುತ್ತದೆ. ಸಾವಿರ ವ್ಯಾಟಿನ ಒಂದು ರೂಮ್ ಹೀಟರನ್ನು, ವಯಸ್ಸಾದವರು ಮಲಗುವ ಒಂದೇ ಕೋಣೆಯಲ್ಲಿ ದಿನಕ್ಕೆ ಮೂರು ಗಂಟೆ ಉರಿಸಿದರೆ ತಿಂಗಳಿಗೆ 90 ಯೂನಿಟ್. ದೀಪ, ಫ್ರಿಜ್, ಮಿಕ್ಸಿ, ಟಿವಿ, ಇಸ್ತ್ರಿಪೆಟ್ಟಿಗೆಗಳದ್ದು ಸೇರಿದರೆ ಯಾವ ದುಂದುಗಾರಿಕೆಯೂ ಇಲ್ಲದ ಸಂಸಾರ ಜುಲೈ ತಿಂಗಳಲ್ಲಿ 200 ಯೂನಿಟ್ ದಾಟುತ್ತದೆ. ಅದೇ ಸಂಸಾರ ಬೇಸಿಗೆಯಲ್ಲಿ 70 ಯೂನಿಟ್‌ನಲ್ಲಿ ತಿಂಗಳು ಕಳೆಯುತ್ತದೆ, ಏಕೆಂದರೆ ನಮ್ಮ ಊರುಗಳಲ್ಲಿ ಏಪ್ರಿಲ್‌ನಲ್ಲಿಯೂ ಫ್ಯಾನಿಗೆ ಹೆಚ್ಚು ಕೆಲಸವಿಲ್ಲ.

ಗೃಹಜ್ಯೋತಿ ಯೋಜನೆಯ ಬಗ್ಗೆ ನನಗೆ ಗೌರವವಿದೆ. 2023ರಲ್ಲಿ ಅದು ಜಾರಿಗೆ ಬಂದ ಮೇಲೆ ಎಷ್ಟೋ ಮನೆಗಳ ತಿಂಗಳ ಖರ್ಚು ಹಗುರವಾದುದನ್ನು ನಾನು ಕಂಡಿದ್ದೇನೆ. ಆದರೆ ಅದರ ಲೆಕ್ಕದ ಕ್ರಮ ವರ್ಷವಿಡೀ ಒಂದೇ ಸಮ ವಿದ್ಯುತ್ ಬಳಸುವ ಊರುಗಳಿಗೆ ಹೊಂದುವಂಥದ್ದು. 2022–23ನೇ ಸಾಲಿನ ತಿಂಗಳ ಸರಾಸರಿ ಬಳಕೆಗೆ ಶೇ 10ರಷ್ಟು ಸೇರಿಸಿ ಪ್ರತಿ ಮನೆಯ ಉಚಿತ ಮಿತಿಯನ್ನು ಗೊತ್ತುಮಾಡಲಾಗಿದೆ. ಮಿತಿ ಮೀರಿ 200 ಯೂನಿಟ್‌ನೊಳಗೆ ಉಳಿದವರು ಹೆಚ್ಚುವರಿಗೆ ಮಾತ್ರ ಹಣ ಕಟ್ಟಬೇಕು; 200 ದಾಟಿದವರು ಆ ತಿಂಗಳ ಬಿಲ್ಲನ್ನು ಪೂರ್ತಿಯಾಗಿ ಕಟ್ಟಬೇಕು. ಕಡಿಮೆ ಬಳಸುವವರ ಅನುಕೂಲಕ್ಕೆಂದು ಮುಂದೆ ಸಣ್ಣ ತಿದ್ದುಪಡಿಯೂ ಆಯಿತು. ತಿಂಗಳು ತಿಂಗಳಿಗೂ ಬೇರೆಬೇರೆಯಾಗಿ ಲೆಕ್ಕ ಮುಗಿಸುವ ಪದ್ಧತಿ ಮಾತ್ರ ಹಾಗೆಯೇ ಉಳಿಯಿತು.

ಇದು ನಮ್ಮಲ್ಲಿ ಏನು ಮಾಡುತ್ತದೆ ಎಂಬುದನ್ನು ಒಂದು ಮಾದರಿ ಮನೆಯನ್ನು ಇಟ್ಟುಕೊಂಡು ನೋಡೋಣ. ಜೂನ್‌ನಲ್ಲಿ 190, ಜುಲೈಯಲ್ಲಿ 215, ಆಗಸ್ಟ್‌ನಲ್ಲಿ 210, ಸೆಪ್ಟೆಂಬರ್‌ನಲ್ಲಿ 160, ಡಿಸೆಂಬರ್ ಮತ್ತು ಜನವರಿಯಲ್ಲಿ 130ರಂತೆ, ಉಳಿದ ಆರು ತಿಂಗಳು 70ರಂತೆ ಬಳಸುವ ಮನೆ ಅದು ಎಂದಿಟ್ಟುಕೊಳ್ಳಿ. ವರ್ಷದ ಒಟ್ಟು 1,455 ಯೂನಿಟ್. ತಿಂಗಳ ಸರಾಸರಿ 121. ಶೇ 10 ಸೇರಿಸಿದರೆ ಉಚಿತ ಮಿತಿ 133. ವರ್ಷಕ್ಕೆ ಸರ್ಕಾರ ಈ ಮನೆಗೆ ಕೊಡಲು ಒಪ್ಪಿರುವುದು 1,596 ಯೂನಿಟ್, ಅಂದರೆ ಆ ಮನೆಯ ನಿಜವಾದ ಬಳಕೆಗಿಂತ 141 ಯೂನಿಟ್ ಹೆಚ್ಚು. ಹಾಗಿದ್ದೂ ಈ ಮನೆಯವರು ಜೂನ್‌ನಲ್ಲಿ 57 ಯೂನಿಟ್‌ಗೆ, ಜುಲೈ ಮತ್ತು ಆಗಸ್ಟ್‌ನಲ್ಲಿ ಪೂರ್ತಿ 425 ಯೂನಿಟ್‌ಗೆ, ಸೆಪ್ಟೆಂಬರ್‌ನಲ್ಲಿ 27 ಯೂನಿಟ್‌ಗೆ ಹಣ ಕಟ್ಟುತ್ತಾರೆ. ವರ್ಷದ ಮಿತಿಯೊಳಗೇ ಇದ್ದವರು ತಮ್ಮ ಬಳಕೆಯ ಮೂರನೇ ಒಂದು ಪಾಲಿಗಿಂತ ಹೆಚ್ಚಿನದಕ್ಕೆ, ಅದೂ ತೋಟದಲ್ಲಿ ಕೆಲಸ ಕಡಿಮೆಯಾಗಿ ಕೂಲಿಯೂ ಕೈಗೆ ಬರದ ತಿಂಗಳುಗಳಲ್ಲಿ ಹಣ ತೆರಬೇಕಾಗಿದೆ. ಮಾರ್ಚ್‌ನಲ್ಲಿ ಅವರು ಮುಟ್ಟದೆ ಉಳಿಸಿದ 63 ಯೂನಿಟ್ ಯಾರ ಲೆಕ್ಕಕ್ಕೂ ಸೇರದೆ ಕಳೆದುಹೋಗುತ್ತದೆ.

ಹೊಸದಾಗಿ ಸಂಪರ್ಕ ಪಡೆದವರ ಸ್ಥಿತಿ ಇದಕ್ಕಿಂತ ಬಿಗಿಯಾದದ್ದು. ಹಿಂದಿನ ವರ್ಷದ ಬಳಕೆಯ ದಾಖಲೆಯಿಲ್ಲದ ಮನೆಗೆ ರಾಜ್ಯದ ಸರಾಸರಿಯಾದ 53 ಯೂನಿಟ್‌ಗೆ ಶೇ 10 ಸೇರಿಸಿ 58 ಯೂನಿಟ್ ಗೊತ್ತುಮಾಡಲಾಗಿದೆ. ಭಾಗಮಂಡಲದಲ್ಲೋ ಶಾಂತಳ್ಳಿಯಲ್ಲೋ ಹೊಸದಾಗಿ ಗೂಡು ಕಟ್ಟಿಕೊಂಡ ಬಡ ದಂಪತಿಗೆ ಈ 58 ಯೂನಿಟ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಮಳೆಗಾಲದ ಸ್ನಾನದ ನೀರಿಗೇ ಹೋಗುತ್ತದೆ. 2022–23ರಲ್ಲಿ ಸೌದೆ ಒಲೆಯಲ್ಲಿ ನೀರು ಕಾಯಿಸುತ್ತಿದ್ದು, ಈಚೆಗೆ ವಯಸ್ಸಾಗಿ ಸೌದೆ ಹೊರಲಾರದೆ ಗೀಸರ್ ಹಾಕಿಸಿಕೊಂಡವರಿಗೂ ಹೀಗೆಯೇ ಆಗಿದೆ: ಅಂದು ವಿದ್ಯುತ್ ಉಳಿಸಿದ್ದಕ್ಕೆ ಇಂದು ಮಿತಿ ಕಡಿಮೆ.

ನಾನು ಹೆಚ್ಚಿನ ಉಚಿತ ಯೂನಿಟ್ ಕೇಳುತ್ತಿಲ್ಲ. ಈಗಾಗಲೇ ಮಂಜೂರಾಗಿರುವ ವರ್ಷದ ಯೂನಿಟ್‌ಗಳನ್ನು ವರ್ಷದ ಲೆಕ್ಕದಲ್ಲಿಯೇ ಬಳಸಿಕೊಳ್ಳಲು ಅವಕಾಶ ಕೊಡಿ ಎಂದಷ್ಟೇ ಕೇಳುತ್ತಿದ್ದೇನೆ. ಫೆಬ್ರವರಿಯಿಂದ ಮೇವರೆಗೆ ಉಳಿದದ್ದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಬಿಲ್ಲಿಗೆ ವರ್ಗವಾಗಲಿ, ಆ ನಾಲ್ಕು ತಿಂಗಳಲ್ಲಿ 200ರ ಗೆರೆ ದಾಟಿದ ಮಾತ್ರಕ್ಕೆ ಇಡೀ ಬಿಲ್ಲು ಹೇರುವ ನಿಯಮ ಸಡಿಲವಾಗಲಿ. ಜಿಲ್ಲೆಗೆಲ್ಲ ಇದನ್ನು ಕೊಡಬೇಕೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಕುಶಾಲನಗರದ ಮಳೆಗೂ ಭಾಗಮಂಡಲದ ಮಳೆಗೂ ಅಜಗಜಾಂತರವಿದೆ. ಒಂದು ಬಯಲುಸೀಮೆಗೆ ಅಂಟಿಕೊಂಡ ಊರು, ಇನ್ನೊಂದು ರಾಜ್ಯದ ಅತಿ ಹೆಚ್ಚು ಮಳೆಯ ಸ್ಥಳಗಳಲ್ಲಿ ಒಂದು. ಆದರೆ ಹೋಬಳಿವಾರು ಮಳೆಯ ವಿವರವನ್ನು ಜಿಲ್ಲಾಡಳಿತ ಮಳೆಗಾಲದ ಪ್ರತಿದಿನ ಪ್ರಕಟಿಸುತ್ತಲೇ ಇದೆ. ಶಾಲೆಗೆ ರಜೆ ಕೊಡಲು ಆಧಾರವಾಗುವ ಅದೇ ಅಂಕಿಗಳು ಯಾವ ಹೋಬಳಿಯಲ್ಲಿ ವಿದ್ಯುತ್ತಿನ ಲೆಕ್ಕ ಬೇರೆಯಾಗಬೇಕು ಎಂಬುದಕ್ಕೂ ಆಧಾರವಾಗಬಲ್ಲವು.

ಇಷ್ಟಾದರೂ ವಿದ್ಯುತ್ತನ್ನು ಅಗ್ಗ ಮಾಡುವುದು ಎರಡನೆಯ ಕೆಲಸ. ಮೊದಲನೆಯದು ಮನೆಯ ಬಿಸಿ ಮನೆಯಲ್ಲೇ ನಿಲ್ಲುವಂತೆ ಮಾಡುವುದು. ಈ ಪತ್ರದಲ್ಲಿ ನಾನು ಅತ್ಯಂತ ಒತ್ತಿ ಹೇಳಬಯಸುವುದು ಇದನ್ನೇ.

ಹತ್ತಡಿಗೆ ಹತ್ತಡಿಯ ಕೋಣೆ, ಮೇಲೆ ಬರಿಯ ತಗಡಿನ ಶೀಟ್, ಒಳಗಿನ ಗಾಳಿಗೂ ಹೊರಗಿನ ಗಾಳಿಗೂ ಎಂಟು ಡಿಗ್ರಿ ಅಂತರವೆಂದು ಇಟ್ಟುಕೊಂಡರೆ, ಆ ಶೀಟ್ ಒಂದರ ಮೂಲಕವೇ 500 ವ್ಯಾಟಿಗೂ ಹೆಚ್ಚು ಶಾಖ ಸತತವಾಗಿ ಸೋರಿಹೋಗುತ್ತದೆ. ಸಾವಿರ ವ್ಯಾಟಿನ ಹೀಟರ್ ಹಚ್ಚಿದವರು ಅರ್ಧ ಹಣವನ್ನು ಮೋಡಕ್ಕೆ ಕೊಟ್ಟ ಹಾಗಾಯಿತು. ಅದೇ ಶೀಟಿನ ಕೆಳಗೆ ಬಿದಿರಿನ ತಟ್ಟಿಯನ್ನೋ ಪ್ಲೈವುಡ್ಡನ್ನೋ ಬಡಿದು, ಅದರ ಮೇಲೆ ಎರಡು ಅಂಗುಲ ದಪ್ಪದ ಶಾಖನಿರೋಧಕ ಪದರ ಹಾಸಿದರೆ ಸೋರಿಕೆ 100 ವ್ಯಾಟಿಗಿಂತ ಕೆಳಗಿಳಿಯುತ್ತದೆ. ಹಳೆಯ ಮನೆಗಳ ಒಳಛಾವಣಿಯಾದ ಮುಚ್ಚಿಗೆ ಮಾಡುತ್ತಿದ್ದುದು ಇದನ್ನೇ. ಕೊಡವರ ಪೂರ್ವಿಕರ ಮನೆಗಳಾದ ಐನ್‌ಮನೆಗಳಲ್ಲಿ ದಪ್ಪನೆಯ ಮಣ್ಣಿನ ಗೋಡೆ, ಮರದ ಮುಚ್ಚಿಗೆ, ಗೋಡೆಗೆ ಮಳೆ ಹೊಡೆಯದಂತೆ ಮುಂದೆ ಚಾಚಿದ ಸೂರು, ಎಲ್ಲವೂ ಒಟ್ಟಾಗಿ ಒಂದೇ ಉದ್ದೇಶಕ್ಕೆ ದುಡಿಯುತ್ತಿದ್ದವು. ಅಂಥ ಮನೆಗಳನ್ನೇ ಎಲ್ಲರಿಗೂ ಕಟ್ಟಿಕೊಡಿ ಎಂದು ಯಾರೂ ಕೇಳಲಾರರು. ಮರದ ಬೆಲೆ ನಮಗೆಲ್ಲ ಗೊತ್ತು. ಆದರೆ ಉದ್ದ ಸೂರು ಮತ್ತು ಮುಚ್ಚಿಗೆ, ಈ ಎರಡನ್ನು ಸರ್ಕಾರಿ ವಸತಿ ಯೋಜನೆಗಳ ನಕ್ಷೆಯಲ್ಲಿ ಸೇರಿಸಲು ತೇಗದ ಮರ ಬೇಕಿಲ್ಲ.

ಬಯಲುಸೀಮೆಗೆಂದು ರೂಪಿಸಿದ ಸಮತಟ್ಟು ತಾರಸಿಯ ನಕ್ಷೆಯನ್ನು ಮಳೆನಾಡಿನಲ್ಲಿಯೂ ಬಳಸಿದರೆ ಏನಾಗುತ್ತದೆ ಎಂಬುದು ಇಲ್ಲಿ ವಾಸ ಮಾಡುವವರಿಗೆ ಹೇಳಿಕೊಡಬೇಕಾಗಿಲ್ಲ. ನಾಲ್ಕೈದು ಮಳೆಗಾಲ ಕಳೆಯುವುದರೊಳಗೆ ಜನ ಸಾಲ ಮಾಡಿ ಅದರ ಮೇಲೊಂದು ಶೀಟಿನ ಮಾಡು ಕಟ್ಟಿಸಿಕೊಳ್ಳುತ್ತಾರೆ. 2018ರ ಆಗಸ್ಟ್‌ನ ಭೂಕುಸಿತದ ನಂತರ ಮನೆ ಕಳೆದುಕೊಂಡವರಿಗೆ ಹೊಸ ಬಡಾವಣೆಗಳು ಎದ್ದುನಿಂತದ್ದು ದೊಡ್ಡ ಕೆಲಸವೇ ಸರಿ, ಅದನ್ನು ಕೊಡಗು ಮರೆಯುವುದಿಲ್ಲ. ಮುಂದೆ ಈ ಜಿಲ್ಲೆಯಲ್ಲಿ ಸರ್ಕಾರದ ಹಣದಿಂದ ಕಟ್ಟುವ ಪ್ರತಿ ಮನೆಗೂ ಇಳಿಜಾರು ಮಾಡು, ಕನಿಷ್ಠ ಎರಡೂವರೆ ಅಡಿ ಚಾಚಿದ ಸೂರು, ಪಶ್ಚಿಮದ ಗೋಡೆಗೆ ನೀರು ಹಿಡಿಯದ ಗಿಲಾವು, ಛಾವಣಿಯ ಕೆಳಗೆ ಶಾಖ ತಡೆಯುವ ಪದರ ಕಡ್ಡಾಯವಾಗಲಿ ಎಂಬುದು ನನ್ನ ಬೇಡಿಕೆ. ವಸತಿ ಕಟ್ಟಡಗಳ ಇಂಧನ ಮಿತವ್ಯಯಕ್ಕಾಗಿ ಕೇಂದ್ರ ಸರ್ಕಾರ 2018ರಲ್ಲಿ ಹೊರತಂದ ಇಕೋ ನಿವಾಸ್ ಸಂಹಿತೆಯಲ್ಲಿ ಛಾವಣಿಯ ಮೂಲಕ ದಾಟಬಹುದಾದ ಶಾಖಕ್ಕೂ ಮಿತಿ ಹಾಕಲಾಗಿದೆ. ಆ ಮಿತಿಯನ್ನು ಬಡವರ ಚಿಕ್ಕ ಮನೆಗೂ ಅನ್ವಯಿಸಬಾರದೆಂದು ಯಾರೂ ತಡೆದಿಲ್ಲ.

ತೋಟದ ಕಾರ್ಮಿಕರು ವಾಸಿಸುವ ಸಾಲುಮನೆಗಳಾದ ಲೈನ್‌ಮನೆಗಳ ಬಗ್ಗೆ ಪ್ರತ್ಯೇಕವಾಗಿ ಹೇಳಲೇಬೇಕು. ತೋಟಗಳ ಕಾರ್ಮಿಕರಿಗೆ ವಸತಿ ಒದಗಿಸುವುದು 1951ರ ತೋಟ ಕಾರ್ಮಿಕರ ಕಾಯಿದೆಯ ಕಾಲದಿಂದಲೂ ಮಾಲೀಕರ ಮೇಲಿರುವ ಹೊಣೆ. ಹಲವು ಮಾಲೀಕರು ಆ ಹೊಣೆಯನ್ನು ಚೆನ್ನಾಗಿ ನಿರ್ವಹಿಸಿದ್ದಾರೆ. ಹಲವರು ನಾಲ್ಕು ಗೋಡೆ ಎಬ್ಬಿಸಿ ಶೀಟ್ ಹೊದಿಸಿದಲ್ಲಿಗೆ ಕೈತೊಳೆದುಕೊಂಡಿದ್ದಾರೆ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಅಂಥದೊಂದು ಸಾಲಿನಲ್ಲಿ ಸಂಸಾರ ಹೂಡಿದ್ದಾಳೆ. ಹೋದ ಮಳೆಗಾಲದಲ್ಲಿ ಅವಳ ಮನೆಗೆ ಹೋದಾಗ ಮಳೆ ನಿಂತಿತ್ತು. ಆದರೂ ಒಳಗೆ ಹನಿ ಬೀಳುತ್ತಿತ್ತು. ಶೀಟ್ ಸೋರುತ್ತಿರಲಿಲ್ಲ, ಬೆವರುತ್ತಿತ್ತು. ಐವರ ಉಸಿರು, ಅನ್ನದ ಆವಿ, ಹಸಿ ಬಟ್ಟೆಯ ತೇವ ಎಲ್ಲವೂ ತಣ್ಣನೆಯ ತಗಡಿಗೆ ತಾಗಿ ನೀರಾಗಿ ಹಾಸಿಗೆಯ ಮೇಲೆ ಬೀಳುತ್ತಿತ್ತು. ಒಲೆಯಲ್ಲಿ ಉರಿಯುತ್ತಿದ್ದ ಸಿಲ್ವರ್ ಓಕ್ ಕೊರಡಿನ ಹೊರತುದಿಯಲ್ಲಿ ಬಿಳಿ ನೊರೆ ಉಕ್ಕುತ್ತಿತ್ತು. ಒಲೆಯ ಮೇಲಿನ ಹಗ್ಗದಲ್ಲಿ ಮಕ್ಕಳ ಸಮವಸ್ತ್ರ. "ಟೀಚರ್, ಬೆಳಿಗ್ಗೆಯೊಳಗೆ ಒಣಗುವುದಿಲ್ಲ, ಹಸಿಯಾದರೂ ಪರವಾಗಿಲ್ಲ ಅಂತ ಹಾಕಿ ಕಳಿಸುತ್ತೇನೆ, ಮೈಕಾವಿಗೆ ಒಣಗುತ್ತದೆ" ಎಂದಳು. ಆ ಮಾತನ್ನು ನಾನು ಅಧಿಕಾರಿಗಳ ಮುಂದೆ ಇದ್ದದ್ದಿದ್ದ ಹಾಗೆ ಇಡುತ್ತಿದ್ದೇನೆ. ಏಳು ವರ್ಷದ ಮಗುವಿನ ಮೈಯ ಕಾವಿನಲ್ಲಿ ಅಂಗಿ ಒಣಗಬೇಕಾದ ಸ್ಥಿತಿ ಇರುವ ಜಿಲ್ಲೆಯಲ್ಲಿ ಥಂಡಿಗೆ ಯೋಜನೆ ಬೇಡವೆಂದು ಹೇಳುವುದು ಹೇಗೆ?

ಅವಳ ಮನೆಗೆ ಸ್ವಂತ ಮೀಟರ್ ಇಲ್ಲ. ತೋಟದ ಹೆಸರಿನ ಒಂದೇ ಸಂಪರ್ಕದಿಂದ ಎಳೆದ ತಂತಿಯಲ್ಲಿ ಎರಡು ದೀಪ ಉರಿಯುತ್ತವೆ. ಹೀಗೆ ಮತ್ತೊಬ್ಬರ ಮೀಟರಿನ ಹಿಂದೆ ಇರುವ ಸಂಸಾರಗಳಿಗೆ ಗೃಹಜ್ಯೋತಿಯ ಒಂದು ಯೂನಿಟ್ ಕೂಡ ತಲುಪುವುದಿಲ್ಲ. ಆ ಸಂಪರ್ಕಗಳನ್ನು ಗುರುತಿಸಿ, ಜಾಗದ ಒಡೆತನದ ಪ್ರಶ್ನೆಯನ್ನು ಅದಕ್ಕೆ ತಳುಕು ಹಾಕದೆ, ವಾಸದ ಆಧಾರದ ಮೇಲೆ ಪ್ರತ್ಯೇಕ ಮೀಟರ್ ಕೊಡುವ ದಾರಿಯನ್ನು ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ ಮತ್ತು ಕಾರ್ಮಿಕ ಇಲಾಖೆ ಒಟ್ಟಿಗೆ ಕುಳಿತು ಹುಡುಕಬೇಕು. ಅದಕ್ಕೂ ಮೊದಲು, ಈ ಬೇಸಿಗೆಯಲ್ಲಿಯೇ, ಲೈನ್‌ಮನೆಗಳ ಶೀಟಿನ ಕೆಳಗೆ ಮುಚ್ಚಿಗೆ ಹಾಕಿಸುವ ಮಾಲೀಕರಿಗೆ ಸಹಾಯಧನ ಕೊಡಲಿ. ಹಾಕಿಸದವರಿಗೆ ತಪಾಸಣೆಯ ವೇಳೆ ನೋಟಿಸ್ ಕೊಡಲಿ. ಅಮೆರಿಕದಲ್ಲಿ 1976ರ ಕಾನೂನೊಂದರ ಅಡಿಯಲ್ಲಿ ಬಡವರ ಮನೆಗಳ ಸಂದು ಮುಚ್ಚಿಸಿ, ಛಾವಣಿಗೆ ಶಾಖನಿರೋಧಕ ಹಾಸಿಕೊಡುವ ಕಾರ್ಯಕ್ರಮ ಶುರುವಾಗಿ ಇಂದಿಗೂ ನಡೆಯುತ್ತಿದೆ. ಪ್ರತಿ ವರ್ಷ ಬಿಲ್ಲಿಗೆ ನೆರವು ಕೊಡುವುದಕ್ಕಿಂತ ಒಮ್ಮೆ ಮನೆ ಸರಿಪಡಿಸುವುದು ಲಾಭದಾಯಕ ಎಂಬುದು ಅದರ ಹಿಂದಿನ ತರ್ಕ. ಆ ತರ್ಕಕ್ಕೆ ಹಿಮ ಬೀಳುವ ದೇಶವೇ ಆಗಬೇಕೆಂದಿಲ್ಲ.

ಸೌದೆಯ ವಿಚಾರಕ್ಕೆ ಬಂದರೆ, ಅದನ್ನು ಹಿಂದುಳಿದವರ ಇಂಧನ ಎಂದು ತಳ್ಳಿಹಾಕುವ ಅಭ್ಯಾಸವನ್ನು ಯೋಜನೆ ಬರೆಯುವವರು ಬಿಡಬೇಕು. ಗಾಳಿಮಳೆಗೆ ಮರ ಬಿದ್ದು ಕಂಬಗಳು ಮುರಿದಾಗ ನಮ್ಮ ಹಳ್ಳಿಗಳಲ್ಲಿ ದಿನಗಟ್ಟಲೆ ಕರೆಂಟ್ ಇರುವುದಿಲ್ಲ. ಆಗ ಕೈಹಿಡಿಯುವುದು ಬಚ್ಚಲ ಒಲೆಯೇ. ಮರಗಸಿಯಲ್ಲಿ, ಅಂದರೆ ತೋಟದ ಮರ ಸವರುವಾಗ, ಕಡಿದ ನೆರಳುಮರದ ಕೊಂಬೆ, ಕಾಫಿ ಗಿಡ ಸವರಿದಾಗ ಉಳಿದ ಕಡ್ಡಿ, ಇವೆಲ್ಲ ತೋಟದಲ್ಲಿಯೇ ಸಿಗುವಂಥವು, ಕಾಡು ಕಡಿಯಬೇಕಾಗಿಲ್ಲ. ತೊಂದರೆಯಿರುವುದು ಹೊತ್ತಿನಲ್ಲಿ. ಮರಗಸಿ ನಡೆಯುವುದು ಮಳೆಗೆ ಮುಂಚಿನ ವಾರಗಳಲ್ಲಿ. ಕಡಿದ ಕೊಂಬೆ ಒಣಗುವ ಮೊದಲೇ ಮಳೆ ಹಿಡಿಯುತ್ತದೆ. ಚೆನ್ನಾಗಿ ಒಣಗಿದ ಒಂದು ಕಿಲೋ ಸೌದೆಯಲ್ಲಿ ಸುಮಾರು ನಾಲ್ಕು ಯೂನಿಟ್ ಶಾಖವಿದ್ದರೆ, ಅರ್ಧ ತೂಕ ನೀರೇ ಇರುವ ಹಸಿ ಸೌದೆಯಲ್ಲಿ ಅದರ ಅರ್ಧ ಮಾತ್ರ ಸಿಗುತ್ತದೆ, ಅದರಲ್ಲಿಯೂ ಒಂದು ಪಾಲು ಹೊಗೆಯಾಗಿ ಕಣ್ಣಿಗೂ ಶ್ವಾಸಕೋಶಕ್ಕೂ ಹೋಗುತ್ತದೆ. ಹೋದ ವರ್ಷದ ಮರಗಸಿಯ ಸೌದೆಯನ್ನು ಈ ವರ್ಷ ಉರಿಸುವಷ್ಟು ಮುಂದಾಲೋಚನೆ ಜಾಗವಿದ್ದವರಿಗೆ ಸಾಧ್ಯ. ಲೈನ್‌ಮನೆಯವರಿಗೆ, ಕಾಲೊನಿಗಳಲ್ಲಿ ಇರುವವರಿಗೆ ಒಂದು ವರ್ಷದ ಸೌದೆ ಒಟ್ಟಲು ಮಾಡು ಎಲ್ಲಿದೆ? ಗ್ರಾಮ ಪಂಚಾಯಿತಿಗಳು ನಾಲ್ಕೂ ಕಡೆ ಗಾಳಿಯಾಡುವ, ಮೇಲೆ ಶೀಟ್ ಹೊದಿಸಿದ ಸಾಮೂಹಿಕ ಸೌದೆ ಕೊಟ್ಟಿಗೆಗಳನ್ನು ಕಟ್ಟಿಕೊಟ್ಟರೆ ಅದೇ ಸೌದೆಯಲ್ಲಿ ಹೊಗೆ ಕಡಿಮೆಯಾಗಿ ಬಿಸಿ ಹೆಚ್ಚು ಸಿಗುತ್ತದೆ. ಕುಶಾಲನಗರದ ಸುತ್ತಮುತ್ತಲಿನ ಕಾಫಿ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಸಿಗುವ ಹೊಟ್ಟನ್ನು ಒತ್ತಿ ಇಟ್ಟಿಗೆಯಂತೆ ಮಾಡಿ ನ್ಯಾಯಬೆಲೆಗೆ ಕೊಡುವ ಬಗ್ಗೆಯೂ ಯೋಚಿಸಬಹುದು.

ಒಲೆಯೂ ಮುಖ್ಯ. ಹಂಡೆಯನ್ನು ಬರಿಯ ಮೂರು ಕಲ್ಲಿನ ಮೇಲೆ ಕೂರಿಸಿದರೆ ಉರಿ ಸುತ್ತಲೂ ಹಾರಿಹೋಗುತ್ತದೆ. ಹಂಡೆಯ ಕತ್ತಿನವರೆಗೆ ಮಣ್ಣು ಮೆತ್ತಿ, ಉರಿ ಹಂಡೆಯ ಮೈಸುತ್ತಿ ಚಿಮಣಿಗೆ ಹೋಗುವಂತೆ ಕಟ್ಟಿದ ಹಳೆಯ ಬಚ್ಚಲುಗಳಲ್ಲಿ ಸಂಜೆ ಕಾಯಿಸಿದ ನೀರು ಬೆಳಿಗ್ಗೆಯೂ ಉಗುರುಬೆಚ್ಚಗಿರುತ್ತಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ರೂಪಿಸಿದ ಹೊಗೆರಹಿತ ಒಲೆ ಕರ್ನಾಟಕದ ಹಳ್ಳಿಗಳಿಗೆ ಹೊಸದಲ್ಲ. ಅದನ್ನು ಕಟ್ಟಬಲ್ಲ ಕೈಗಳು ಮಾತ್ರ ಕಡಿಮೆಯಾಗಿವೆ. ಪ್ರತಿ ಪಂಚಾಯಿತಿಗೆ ಇಬ್ಬರಂತೆ ಮೇಸ್ತ್ರಿಗಳಿಗೆ ಒಲೆ ಮತ್ತು ಚಿಮಣಿ ಕಟ್ಟುವ ತರಬೇತಿ ಕೊಟ್ಟರೆ ಸಾಕು, ಉಳಿದದ್ದನ್ನು ಜನ ನೋಡಿಕೊಳ್ಳುತ್ತಾರೆ.

ಇದರ ಜೊತೆಯಲ್ಲಿಯೇ ಒಂದು ಎಚ್ಚರಿಕೆ ಪ್ರತಿ ಲೈನ್‌ಮನೆಗೂ ಮುಟ್ಟಬೇಕು. ಚಳಿಗೆ ಬಾಗಿಲು, ಕಿಟಕಿ ಭದ್ರಪಡಿಸಿ ಒಳಗೆ ಇದ್ದಿಲಿನ ಅಗ್ಗಿಷ್ಟಿಕೆ ಇಟ್ಟು ಮಲಗುವವರು ಇಂದಿಗೂ ಇದ್ದಾರೆ. ಕೆಂಡದಿಂದ ಹೊರಡುವ ಇಂಗಾಲದ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ರೆಯಲ್ಲಿಯೇ ಪ್ರಾಣ ತೆಗೆಯುತ್ತದೆ. ಹೊಗೆ ಕಾಣಿಸದ ಕೆಂಡ ಅಪಾಯವಿಲ್ಲದ್ದೆಂದು ನಂಬಿದವರೇ ಹೆಚ್ಚು. ಸಂದು ಮುಚ್ಚಿರಿ ಎಂದು ಹೇಳುವ ನಾನು ಇದನ್ನು ಸ್ಪಷ್ಟವಾಗಿ ಹೇಳದಿದ್ದರೆ ತಪ್ಪಾಗುತ್ತದೆ: ಒಳಗೆ ಏನನ್ನಾದರೂ ಉರಿಸುವ ಕೋಣೆಯಲ್ಲಿ ಗಾಳಿಗೆ ದಾರಿ ಇರಲೇಬೇಕು, ಮಲಗುವ ಮುನ್ನ ಕೆಂಡ ಹೊರಗೆ ಹೋಗಲೇಬೇಕು. ಹೊರರಾಜ್ಯಗಳಿಂದ ತೋಟದ ಕೆಲಸಕ್ಕೆ ಬಂದವರಿಗೆ ಅವರ ಭಾಷೆಗಳಲ್ಲಿಯೇ ಇದನ್ನು ತಿಳಿಸುವ ಹೊಣೆಯನ್ನು ಆರೋಗ್ಯ ಇಲಾಖೆ ಹೊರಬೇಕು.

ವಿದ್ಯುತ್ ಬಳಸಬಲ್ಲ ಮನೆಗಳವರಿಗೆ, ಹೋಂಸ್ಟೇ ನಡೆಸುವವರಿಗೆ, ವಸತಿಶಾಲೆಗಳ ಉಸ್ತುವಾರಿ ಹೊತ್ತವರಿಗೆ ಎರಡು ಮಾತು. ಸೌರ ಗೀಸರ್ ನಮ್ಮಲ್ಲಿ ಬೇಸಿಗೆಗೂ ಚಳಿಗಾಲಕ್ಕೂ ಸೈ, ಮಳೆಗಾಲದಲ್ಲಿ ಅದರೊಳಗಿನ ಕಾಯಿಲ್ ಉರಿಸದೆ ಗತಿಯಿಲ್ಲ. ಹೊರಗಿನ ಗಾಳಿಯ ಶಾಖವನ್ನು ಹೀರಿ ನೀರಿಗೆ ಕೊಡುವ ಹೀಟ್ ಪಂಪ್ ಗೀಸರ್ ಮಾತ್ರ ನಮ್ಮ ಹವೆಗೆ ಹೇಳಿ ಮಾಡಿಸಿದಂತಿದೆ: 18–20 ಡಿಗ್ರಿಯ ಗಾಳಿಯಲ್ಲಿ ಅದು ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು ಮೂರು ಯೂನಿಟ್‌ನಷ್ಟು ಬಿಸಿ ಕೊಡುತ್ತದೆ. ಬೆಲೆ ಹೆಚ್ಚಾದ್ದರಿಂದ ಒಂದೊಂದು ಮನೆಗೆ ಎಟುಕದು. ಆದರೆ ನೂರಾರು ಮಕ್ಕಳಿರುವ ವಸತಿಶಾಲೆಗೆ, ಆಶ್ರಮ ಶಾಲೆಗೆ, ತಾಲ್ಲೂಕು ಆಸ್ಪತ್ರೆಗೆ ಅದು ಬಹುಬೇಗ ಹಣ ತೀರಿಸುತ್ತದೆ. ಸರ್ಕಾರ ಮೊದಲು ಅಲ್ಲಿ ಹಾಕಿಸಲಿ. ಅದೇ ಕಟ್ಟಡಗಳಲ್ಲಿ ಬಟ್ಟೆ ಒಣಗಿಸಲೆಂದೇ ಒಂದು ಕೋಣೆಯಿದ್ದು, ಅದರಲ್ಲಿ ತೇವ ಹೀರುವ ಯಂತ್ರವಿರಲಿ. 300 ವ್ಯಾಟಿನ ಆ ಯಂತ್ರ ಗಾಳಿಯ ತೇವವನ್ನು ನೀರಾಗಿ ಇಳಿಸುವಾಗ, ಆ ನೀರು ಆವಿಯಾಗಿದ್ದಾಗ ಒಯ್ದ ಶಾಖವನ್ನು ಕೋಣೆಗೇ ಮರಳಿಸುತ್ತದೆ. ಬಟ್ಟೆಯೂ ಒಣಗುತ್ತದೆ, ಕೋಣೆಯೂ ಬೆಚ್ಚಗಾಗುತ್ತದೆ. ಮನೆಗಳಲ್ಲಿ ಕೋಣೆಯನ್ನೆಲ್ಲ ಕಾಯಿಸುವ ಬದಲು ಮಲಗಿದವರನ್ನು ಬೆಚ್ಚಗಿಡುವುದು ಅಗ್ಗ. ನೂರು ವ್ಯಾಟಿನ ವಿದ್ಯುತ್ ಕಂಬಳಿ ರಾತ್ರಿಯಿಡೀ ಉರಿದರೂ ಒಂದು ಯೂನಿಟ್ ತುಂಬುವುದಿಲ್ಲ. ಐಎಸ್‌ಐ ಗುರುತಿಲ್ಲದ್ದನ್ನು ಮಾತ್ರ ಕೊಳ್ಳಬಾರದು, ಮಡಿಸಿದ ಕಂಬಳಿಗೆ ಕರೆಂಟ್ ಕೊಡಬಾರದು.

ಮಾನ್ಯರೇ, ಮುಚ್ಚಿಗೆ ಬಡಿಯುವುದು, ಸೂರು ಚಾಚುವುದು, ಸೌದೆ ಕೊಟ್ಟಿಗೆ ಎಬ್ಬಿಸುವುದು ಮೇ ತಿಂಗಳ ಕೊನೆಯೊಳಗೆ ಆಗದಿದ್ದರೆ ಆ ವರ್ಷಕ್ಕೆ ಆಗದ ಕೆಲಸಗಳು. ಆದ್ದರಿಂದ ಫೆಬ್ರವರಿಯ ಒಳಗೆ ಇಂಧನ, ವಸತಿ, ಕಾರ್ಮಿಕ ಮತ್ತು ಆರೋಗ್ಯ ಇಲಾಖೆಗಳ ಅಧಿಕಾರಿಗಳನ್ನು ಮಡಿಕೇರಿಯಲ್ಲಿ ಒಂದೆಡೆ ಸೇರಿಸಿ, ತೋಟದ ಮಾಲೀಕರನ್ನೂ ಲೈನ್‌ಮನೆಗಳ ಹೆಣ್ಣುಮಕ್ಕಳನ್ನೂ ಅದೇ ಸಭೆಗೆ ಕರೆಯಬೇಕೆಂದು ಕೋರುತ್ತೇನೆ. ವರ್ಷದ ಲೆಕ್ಕದಲ್ಲಿ ಯೂನಿಟ್ ಬಳಸಲು ಅವಕಾಶ ಕೊಡುವ ವಿಚಾರವನ್ನು ಸರ್ಕಾರ ಪರಿಶೀಲಿಸುವುದಾದರೆ, ಬೇರೆಬೇರೆ ಹೋಬಳಿಗಳಲ್ಲಿ ಒಪ್ಪಿಗೆ ಕೊಟ್ಟ ಮನೆಗಳ ಹನ್ನೆರಡು ತಿಂಗಳ ಬಿಲ್ಲುಗಳನ್ನು ಒಟ್ಟುಮಾಡಿ ಒಪ್ಪಿಸಲು ನಾನೂ, ನನ್ನಂತೆ ನಿವೃತ್ತರಾದ ಕೆಲವು ಶಿಕ್ಷಕರೂ ಸಿದ್ಧರಿದ್ದೇವೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ವಿಜ್ಞಾನ ಶಿಕ್ಷಕಿ,
ಮಡಿಕೇರಿ ತಾಲ್ಲೂಕು, ಕೊಡಗು